ಮೊದಲ ಸ್ಪೋರ್ಟ್ಸ್ ಬೈಕ್ ಯಾವುದು? ಪುಣೆಯಲ್ಲಿ ಅಕ್ಕನ ಮಗನಿಗೆ ಗಾಡಿ ಹುಡುಕಿದ ಕತೆ

ಅಕ್ಕನ ಮಗ ಪುಣೆ ಹತ್ತಿರದ ಚಾಕಣದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕೋಥ್ರುಡ್‌ನ ನಮ್ಮ ಮನೆಗೆ ಬಂದ. ಚಹಾದ ಲೋಟ ಕೈಗೆ ಕೊಡುವ ಮುಂಚೆಯೇ ಫೋನ್ ತೆಗೆದು ಕಿತ್ತಳೆ ಬಣ್ಣದ ಕೆಟಿಎಂ ಆರ್‌ಸಿ 390 ತೋರಿಸಿದ. "ಮಾಮಾ, ಇದನ್ನ ತಗೋಬೇಕಂತ ಮಾಡೀನಿ. ಹ್ಯಾಂಗ ಐತಿ?"

ಗಾಡಿ ಚಲೋನೇ ಐತಿ. ಆದರೆ ವಿಜಯಪುರದಲ್ಲಿ ಇವನು ಓಡಿಸಿದ್ದು ಅಪ್ಪನ ಹಳೇ ಸ್ಪ್ಲೆಂಡರ್ ಒಂದೇ. ಅದರ ತಾಕತ್ತು 8 ಪಿಎಸ್ (ಅಶ್ವಶಕ್ತಿಯ ಅಳತೆ). ಫೋನಿನಲ್ಲಿದ್ದದ್ದು 43.5 ಪಿಎಸ್, ಅಂದರೆ ಐದು ಪಟ್ಟಿಗೂ ಹೆಚ್ಚು. ಎತ್ತಿನ ಗಾಡಿ ಹೊಡೆದವನ ಕೈಗೆ ನೇರವಾಗಿ ರೇಸಿನ ಕುದುರೆಯ ಲಗಾಮು ಕೊಟ್ಟ ಹಾಗೆ. ಬೇಡ ಅಂದರೆ ಕೇಳುವ ವಯಸ್ಸಲ್ಲ. ಅದಕ್ಕೆ, "ಒಂದು ತಿಂಗಳು ತಡಿ, ಎಲ್ಲಾ ಗಾಡಿ ನೋಡೂಣು, ಆಮೇಲೆ ನಿನಗ ಬೇಕಾದ್ದು ತಗೋ" ಅಂದೆ. ಆ ಒಂದು ತಿಂಗಳು ಇಬ್ಬರೂ ಶೋರೂಮುಗಳನ್ನು ಸುತ್ತಿ ಅಳೆದು ಸುರಿದದ್ದನ್ನು ಇಲ್ಲಿ ಬರೆದಿದ್ದೇನೆ. ಊರಿನಿಂದ ಪುಣೆಗೆ ಬಂದು ಮೊದಲ ಸಂಬಳದಲ್ಲಿ ಇದೇ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ನಮ್ಮವರಲ್ಲಿ ಬಹಳ ಜನ ಇದ್ದಾರೆ.

ಟಾಪ್ ಸ್ಪೀಡ್ ಬಿಡಿ, ಹತ್ತರ ವೇಗ ನೋಡಿ

ನಾನು ಬಿದ್ದ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಮೇಲೆ ಬರಲು ಒಂದು ಕಡಿದಾದ ರ‍್ಯಾಂಪ್ ಇದೆ. ಹತ್ತಿ ಮುಗಿಯುತ್ತಿದ್ದ ಹಾಗೆ ಎಡಕ್ಕೆ ತಿರುಗಬೇಕು. ರಾತ್ರಿ ಮಳೆ ಬಂದಿತ್ತು. ನಾನು ಹ್ಯಾಂಡಲ್ ಪೂರಾ ಎಡಕ್ಕೆ ಹೊರಳಿಸಿದ್ದೆ, ಅಷ್ಟರಲ್ಲಿ ಹಾಲಿನ ಟೆಂಪೋ ಎದುರಾಯಿತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್‌ಗೂ ಟ್ಯಾಂಕಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಂಡಿತು. ಎಡಗಾಲು ಊರಿದೆ, ಆ ಕಡೆ ಇಳಿಜಾರಿದ್ದದ್ದರಿಂದ ನೆಲ ಸಿಗಲಿಲ್ಲ. ಗಾಡಿ ನಿಧಾನಕ್ಕೆ, ಮರ್ಯಾದೆಯಿಂದ ಎನ್ನುವ ಹಾಗೆ, ಮಲಗಿತು. ವೇಗ ಸೊನ್ನೆ. ನನಗೆ ತರಚಿದ ಗಾಯವೂ ಇಲ್ಲ. ಆದರೆ ಕ್ಲಚ್ ಲಿವರ್ ಮುರಿದಿತ್ತು, ಇಂಡಿಕೇಟರ್ ಒಡೆದಿತ್ತು, ಎಡಗಡೆಯ ಪ್ಲಾಸ್ಟಿಕ್ ಹೊದಿಕೆ, ಅಂದರೆ ಫೇರಿಂಗ್‌ನ ಹಿಡಿಕೆಗಳು ಕಿತ್ತು ಬಂದಿದ್ದವು. ಲಿವರ್‌ಗೆ ಕೊಟ್ಟದ್ದು ಚಿಲ್ಲರೆ ದುಡ್ಡು, ಫೇರಿಂಗ್‌ಗೆ ಕೊಟ್ಟದ್ದು ಆ ತಿಂಗಳ ಮನೆ ಕಿರಾಣಿ ಖರ್ಚು. ಮೈ ತುಂಬ ಪ್ಲಾಸ್ಟಿಕ್ ಹೊದ್ದ ಗಾಡಿ ನಿಂತಲ್ಲೇ ಬಿದ್ದರೂ ಜೇಬಿಗೆ ಹೊಡೆತ.

ಇದು ನನ್ನೊಬ್ಬನ ಕರ್ಮವಲ್ಲ. ಹೊಸಬರು ಸ್ಪೋರ್ಟ್ಸ್ ಬೈಕ್ ಕೆಡವುವುದು ಹೆಚ್ಚಾಗಿ ಯೂ-ಟರ್ನ್‌ನಲ್ಲಿ, ಪೆಟ್ರೋಲ್ ಪಂಪಿನ ಎಣ್ಣೆ ಚೆಲ್ಲಿದ ನೆಲದಲ್ಲಿ, ಪಾರ್ಕಿಂಗ್‌ನಲ್ಲಿ. ಈ ಗಾಡಿಗಳ ಹ್ಯಾಂಡಲ್ ಸ್ಪ್ಲೆಂಡರ್‌ನಷ್ಟು ತಿರುಗುವುದಿಲ್ಲ, ತಿರುಗಿಸಿದರೆ ಟ್ಯಾಂಕಿಗೆ ಬಡಿಯುತ್ತದೆ. ಹಾಗಾಗಿ ತಿರುಗಲು ಹೆಚ್ಚು ಜಾಗ ಬೇಕು. ಮೈ ಮುಂದಕ್ಕೆ ಬಾಗಿರುವುದರಿಂದ ಭಾರವೆಲ್ಲ ಅಂಗೈ ಮೇಲೆ. ಕೈ ಬಿಗಿಯಾಗಿದ್ದರೆ ಹ್ಯಾಂಡಲ್ ಮಾತು ಕೇಳುವುದಿಲ್ಲ, ಆಕ್ಸಿಲೇಟರ್ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಅಮುಕಿ ಹಿಡಿದು ಕೈಯನ್ನು ಸಡಿಲ ಬಿಡುವುದು ಅಭ್ಯಾಸವಾಗಲು ತಿಂಗಳುಗಳೇ ಬೇಕು.

ಇನ್ನು ಟಾಪ್ ಸ್ಪೀಡ್ ವಿಷಯ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ, ಲೋಣಾವಳಾ-ಖಂಡಾಲಾ ಮೂಲಕ ಹಳೇ ಹೈವೇಯಲ್ಲೇ ಹೋಗಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತು ಮಾಡಿದ ಗರಿಷ್ಠ ವೇಗ 80 ಕಿಲೋಮೀಟರ್. ಕೆಳಗೆ ಹೇಳುವ ಎಲ್ಲ ಗಾಡಿಗಳೂ ಅದನ್ನು ಉಸಿರು ಬಿಡದೆ ಮುಟ್ಟುತ್ತವೆ. ಅಂದ ಮೇಲೆ ಯಾವುದು 140 ಹೋಗುತ್ತದೆ, ಯಾವುದು 160 ಅಂತ ಕ್ಯಾಂಟೀನಿನಲ್ಲಿ ಜಗಳಾಡುವುದು ಚಹಾ ಆರಿಸಲಿಕ್ಕಷ್ಟೇ. ಭೋಸರಿಯಿಂದ ಮೋಶಿ ದಾಟಿ ಚಾಕಣದವರೆಗೆ ಟ್ರೇಲರ್‌ಗಳ ಸಾಲಿನಲ್ಲಿ ದಿನಾ ಬೆಳಿಗ್ಗೆ ಸಂಜೆ ತೆವಳುವವನಿಗೆ ಹತ್ತರ ವೇಗದಲ್ಲಿ ಗಾಡಿ ಹೇಗೆ ನಡೆಯುತ್ತದೆ ಎನ್ನುವುದೇ ಮುಖ್ಯ.

ಆರ್15: ಎಲ್ಲರೂ ಮೊದಲು ಹೇಳುವ ಹೆಸರು

ನಾನು ಪುಣೆಗೆ ಬಂದ 2008ರಲ್ಲೇ ಯಮಹಾ ಆರ್15 ನಮ್ಮ ದೇಶದ ರಸ್ತೆಗಿಳಿದದ್ದು. ಈಗಿನ ನಾಲ್ಕನೇ ಆವೃತ್ತಿ 2021ರದ್ದು. 155 ಸಿಸಿ, 18.4 ಪಿಎಸ್, ತೂಕ 141 ಕೆಜಿ ಆಸುಪಾಸು. ಈ ಪಟ್ಟಿಯಲ್ಲಿ ಇಷ್ಟು ಹಗುರ ಗಾಡಿ ಬೇರೊಂದಿಲ್ಲ. ತಿರುವಿನಲ್ಲಿ ಕಣ್ಣು ಹಾಯಿಸಿದ ಕಡೆ ಹೋಗುತ್ತದೆ. ಸ್ಲಿಪ್ಪರ್ ಕ್ಲಚ್ ಇರುವುದರಿಂದ ಹೊಸಬ ಅವಸರದಲ್ಲಿ ಎರಡು ಗೇರ್ ಒಟ್ಟಿಗೆ ಇಳಿಸಿದರೂ ಹಿಂದಿನ ಚಕ್ರ ಕುಣಿಯುವುದಿಲ್ಲ. ಕ್ಲಚ್ ಬೆಣ್ಣೆಯಷ್ಟು ಮೆದು. ಬೈಕ್ ಓಡಿಸುವುದನ್ನು ಸರಿಯಾಗಿ ಕಲಿಯಬೇಕು ಅನ್ನುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ ಎಂದು ಈಗಲೂ ನಂಬಿದ್ದೇನೆ.

ಆದರೆ ಎರಡು ತಕರಾರು. ಒಂದು, ಹ್ಯಾಂಡಲ್ ಬಹಳ ಕೆಳಗೆ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಇಳಿದರೆ ಅಂಗೈಯ ಬುಡ ಜುಮ್ಮೆನ್ನುತ್ತದೆ. ಸೀಟಿನ ಎತ್ತರ 815 ಮಿಲಿಮೀಟರ್, ನಮ್ಮ ಹುಡುಗನಿಗೆ ಎರಡೂ ಕಾಲಿನ ತುದಿ ಮಾತ್ರ ನೆಲಕ್ಕೆ ತಾಕಿತು. ಎರಡನೆಯದು, ಎಂಜಿನ್ನಿನ ಸ್ವಭಾವ. 14.2 ನ್ಯೂಟನ್ ಮೀಟರ್ ಟಾರ್ಕ್ ಪೂರಾ ಸಿಗುವುದು ಎಂಜಿನ್ ನಿಮಿಷಕ್ಕೆ 7,500 ಸುತ್ತು ತಿರುಗಿದಾಗ, ಅಂದರೆ 7,500 ಆರ್‌ಪಿಎಂನಲ್ಲಿ. ವಾಲ್ವ್‌ಗಳ ಕ್ರಮ ಬದಲಾಗಿ ಎಂಜಿನ್ ಎಚ್ಚರಾಗುವುದೂ ಸುಮಾರು 7,400ರ ಮೇಲೆ. ಕೆಳಗೆ ಅದು ಸಾಧು ಪ್ರಾಣಿ. ಓವರ್‌ಟೇಕ್ ಮಾಡಬೇಕೆಂದರೆ ಗೇರ್ ಇಳಿಸಿ ಚೀರಿಸಲೇಬೇಕು.

ಟಾರ್ಕ್ ಅಂದರೆ ತಿರುಚುವ ಬಲ. ಬಾವಿಯ ರಾಟೆಗೆ ಹಗ್ಗ ಜಗ್ಗಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಬಿದ ಕೊಡ ನೀರು ಬಿಟ್ಟು ಮೇಲೇಳುವಾಗ ಬೇಕಾದ ಎಳೆತ ಅದು. ಬಲ ಎಷ್ಟು ಎನ್ನುವಷ್ಟೇ ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಎನ್ನುವುದೂ ನೋಡಬೇಕು, ಎಷ್ಟು ಭಾರ ಎಳೆಯಬೇಕು ಎನ್ನುವುದೂ ನೋಡಬೇಕು. 70 ಕೆಜಿಯ ಸವಾರ ಕೂತಿದ್ದಾನೆ ಎಂದಿಟ್ಟುಕೊಂಡು ಒಟ್ಟು 100 ಕೆಜಿ ಭಾರಕ್ಕೆ ಎಷ್ಟು ಟಾರ್ಕ್ ಬೀಳುತ್ತದೆ ಅಂತ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಆರ್15ಕ್ಕೆ 6.7 ಬಂತು. ಪಲ್ಸರ್ ಆರ್‌ಎಸ್200ಕ್ಕೆ 7.9, ಕರಿಜ್ಮಾ ಎಕ್ಸ್‌ಎಂಆರ್‌ಗೆ 8.7, ಸುಝುಕಿ ಜಿಕ್ಸರ್ ಎಸ್‌ಎಫ್ 250ಗೆ 9.6, ಈಚಿನ ಅಪಾಚೆ ಆರ್‌ಆರ್ 310ಕ್ಕೆ 11.9. ಗೇರಿನ ಹಲ್ಲುಗಳ ಲೆಕ್ಕ ಬೇರೆ ಇರುವುದರಿಂದ ಇದು ಪೂರ್ತಿ ಸತ್ಯವಲ್ಲ. ಆದರೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕಾತ್ರಜ್ ಘಾಟ್ ಹತ್ತಿದರೆ ಮೈಗೆ ಗೊತ್ತಾಗುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ನಡುವಿನ ಮೂವರು

ಬೆಲೆ ಎರಡು ಲಕ್ಷದ ಆಸುಪಾಸು, ಸಿಸಿ ಇನ್ನೂರರಿಂದ ಇನ್ನೂರೈವತ್ತು, ಕೂರುವ ಭಂಗಿ ಅಷ್ಟೇನೂ ಬಾಗಿದ್ದಲ್ಲ. ಹೊಸಬನ ಆಯ್ಕೆ ನಿಜವಾಗಿ ನಡೆಯಬೇಕಾದದ್ದು ಇಲ್ಲಿ. ದುರ್ದೈವ ಏನೆಂದರೆ ಫೋಟೋದಲ್ಲಿ ಇವು ಆರ್15ರಷ್ಟು ಚಂದ ಕಾಣುವುದಿಲ್ಲ.

ಜಿಕ್ಸರ್ ಎಸ್‌ಎಫ್ 250 ನೋಡಲು ಸಂಭಾವಿತ. 2019ರಲ್ಲಿ ಬಂದದ್ದು, 249 ಸಿಸಿ, 26.5 ಪಿಎಸ್, 161 ಕೆಜಿ. ಸೀಟು 800 ಮಿಲಿಮೀಟರ್, ನಮ್ಮವನ ಪಾದ ಗಟ್ಟಿಯಾಗಿ ಊರಿತು. ಆ 15 ಮಿಲಿಮೀಟರ್ ಕಾಗದದ ಮೇಲೆ ಏನೂ ಅಲ್ಲ, ಸಿಗ್ನಲ್‌ನಲ್ಲಿ ಎಲ್ಲವೂ. ಎಂಜಿನ್ ತಣ್ಣಗಿಡುವುದು ಎಣ್ಣೆಯಿಂದ, ಹಾಗಾಗಿ ಕೂಲಂಟ್ ತುಂಬುವ, ಅದರ ಪೈಪು ಸೋರುವ ತಲೆನೋವಿಲ್ಲ. ಮೂರನೇ ಗೇರಿನಲ್ಲಿ 25ರ ವೇಗಕ್ಕೆ ಇಳಿದು ಮತ್ತೆ ಆಕ್ಸಿಲೇಟರ್ ಕೊಟ್ಟರೆ ಗೊಣಗದೆ ಎಳೆಯಿತು. ಕೊರತೆ ಅಂದರೆ ಸರ್ವಿಸ್ ಸೆಂಟರ್ ಬಜಾಜ್, ಹೀರೋಗಳಷ್ಟು ಊರೂರಲ್ಲಿ ಇಲ್ಲ.

ಆರ್‌ಎಸ್200 ಹಳೇ ಹುಲಿ. 2015ರಿಂದ ಓಡುತ್ತಿದೆ, 2025ರ ಜನವರಿಯಲ್ಲಿ ಸ್ವಲ್ಪ ತಿದ್ದಿದ್ದಾರೆ, ಸ್ಲಿಪ್ಪರ್ ಕ್ಲಚ್ ಸೇರಿಸಿದ್ದಾರೆ. 24.5 ಪಿಎಸ್, 166 ಕೆಜಿ, 13 ಲೀಟರ್ ಟ್ಯಾಂಕ್. ಮುಖದಲ್ಲಿ ಎರಡು ಗುಂಡು ದೀಪ, ಗಾಬರಿಗೊಂಡ ಮೀನಿನ ಹಾಗೆ. ಇದು ನನ್ನ ಅಭಿಪ್ರಾಯ ಅಷ್ಟೇ, ನಮ್ಮ ಹುಡುಗ ಒಪ್ಪುವುದಿಲ್ಲ. ಆದರೆ ರಾತ್ರಿ ಹೈವೇಯಲ್ಲಿ ಆ ದೀಪಗಳ ಬೆಳಕು ನಿಜಕ್ಕೂ ಉಪಕಾರಿ. ತೂಕ ಸ್ವಲ್ಪ ಮುಂದಕ್ಕೆ ಇದೆ ಅನಿಸುತ್ತದೆ, ನಿಧಾನದ ತಿರುವಿನಲ್ಲಿ ಕೈಗೆ ತಿಳಿಯುತ್ತದೆ. ದೊಡ್ಡ ಗುಣ ಅಂದರೆ ಬಿಡಿಭಾಗ. ಪುಣೆ ಬಜಾಜ್‌ನವರ ತವರು, ಆಕುರ್ಡಿಯಲ್ಲಿ ಮುಖ್ಯ ಕಚೇರಿ, ಚಾಕಣದಲ್ಲಿ ಕಾರ್ಖಾನೆ. ಅದು ಬಿಟ್ಟರೂ ವಿಜಯಪುರ, ಬಾಗಲಕೋಟೆ, ಜಮಖಂಡಿ, ಎಲ್ಲಿ ನಿಂತರೂ ಪಲ್ಸರ್ ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿ ಸಿಗುತ್ತಾನೆ.

ಹೀರೋ ಕರಿಜ್ಮಾ ಎಕ್ಸ್‌ಎಂಆರ್ 210 ಹೆಸರು ಕೇಳಿದರೆ ನನ್ನ ವಯಸ್ಸಿನವರಿಗೆ ಎದೆ ತುಂಬುತ್ತದೆ. 2003ರಲ್ಲಿ ಮೊದಲ ಕರಿಜ್ಮಾ ಬಂದಾಗ ಧಾರವಾಡದ ನಮ್ಮ ಕಾಲೇಜಿನ ಗೇಟಿನ ಮುಂದೆ ಒಂದು ನಿಂತಿದ್ದರೆ ಸುತ್ತ ಇಪ್ಪತ್ತು ಜನ. ಹೊಸದು 2023ರ ಆಗಸ್ಟಿನದು, 25.5 ಪಿಎಸ್, 163.5 ಕೆಜಿ. ಹ್ಯಾಂಡಲ್ ಎತ್ತರಕ್ಕೆ ಇದೆ, ಬೆನ್ನು ಹೆಚ್ಚುಕಡಿಮೆ ನೆಟ್ಟಗೆ. ದೂರದ ದಾರಿಗೆ ಮೂರರಲ್ಲಿ ಇದೇ ಸುಖ ಅನಿಸಿತು. ನಾನಾದರೆ ಇದನ್ನೇ ಆರಿಸುತ್ತಿದ್ದೆನೇನೋ, ಅದರಲ್ಲಿ ಅರ್ಧ ಕಾರಣ ಆ ಕಾಲೇಜಿನ ಗೇಟು.

ಕೆಟಿಎಂ ಆರ್‌ಸಿ 200 ಕೂಡ 25 ಪಿಎಸ್‌ನ ಗಾಡಿ. ಭಂಗಿ ಬಿಗಿ, ಸೀಟು ಎತ್ತರ, ಆಕ್ಸಿಲೇಟರ್ ಮುಟ್ಟಿದರೆ ಸಿಟ್ಟು. ಎರಡನೇ ಬೈಕ್ ಆಗಿ ಚಲೋ, ಮೊದಲನೆಯದಾಗಿ ನಾನು ಹೇಳಲಾರೆ.

ಸ್ವಲ್ಪ ಮೇಲಿನ ಮೆಟ್ಟಿಲು

ಟಿವಿಎಸ್ ಅಪಾಚೆ ಆರ್‌ಆರ್ 310 ಹೊಸೂರಿನಲ್ಲಿ ತಯಾರಾಗುತ್ತದೆ, ಬಿಎಂಡಬ್ಲ್ಯು ಜೊತೆ ಸೇರಿ ರೂಪಿಸಿದ ಎಂಜಿನ್ನು. 2017ರ ಡಿಸೆಂಬರಿನಲ್ಲಿ ಬಂದಾಗ 34 ಪಿಎಸ್ ಇತ್ತು, 2024ರಲ್ಲಿ 38 ಪಿಎಸ್ ಆಯಿತು. ತೂಕ 174 ಕೆಜಿ. ಇಷ್ಟು ತಾಕತ್ತಿನ ಗಾಡಿಯನ್ನು ಹೊಸಬನಿಗೆ ಹೇಳುವುದಕ್ಕೆ ಒಂದೇ ಒಂದು ಕಾರಣವಿದೆ: ರೇನ್ ಮತ್ತು ಅರ್ಬನ್ ಮೋಡ್‌ಗಳಲ್ಲಿ ಅದು ತಾನೇ ತನ್ನ ಕೈ ಕಟ್ಟಿಕೊಳ್ಳುತ್ತದೆ. ಆರು ತಿಂಗಳು ಆ ಮೋಡ್ ಬಿಟ್ಟು ಕದಲುವುದಿಲ್ಲ ಅನ್ನುವ ಶಿಸ್ತು ಇದ್ದವರು, 5 ಅಡಿ 7 ಇಂಚಿಗಿಂತ ಎತ್ತರ ಇದ್ದವರು, ಈಗಾಗಲೇ 150 ಸಿಸಿ ಗಾಡಿ ವರ್ಷಗಟ್ಟಲೆ ಓಡಿಸಿದವರು ಯೋಚಿಸಬಹುದು. ನಮ್ಮವನನ್ನು ಕೇಳಿದೆ, "ಆರು ತಿಂಗಳು ಸ್ಪೋರ್ಟ್ ಮೋಡ್ ಮುಟ್ಟದೇ ಇರ್ತೀಯಾ?" ಪ್ರಾಮಾಣಿಕ ಹುಡುಗ, "ಆರು ದಿನಾನೂ ಇರಾಂಗಿಲ್ಲ ಮಾಮಾ" ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಎರಡು ಸಿಲಿಂಡರಿನವು ಪುಣೆಯವರಿಗೆ ಮನೆ ಮುಂದಿನ ಗಾಡಿಗಳು. ಕಾವಾಸಾಕಿ ನಿಂಜಾ 300 ಚಾಕಣದ್ದು, ಅಪ್ರಿಲಿಯಾ ಆರ್‌ಎಸ್ 457 ಬಾರಾಮತಿಯದ್ದು. ಹತ್ತಿರ ಹುಟ್ಟಿದ ಮಾತ್ರಕ್ಕೆ ಅಗ್ಗವೇನಲ್ಲ, 457 ಅನ್ನು 2023ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದಾಗಲೇ ಶೋರೂಮ್ ಬೆಲೆ 4.10 ಲಕ್ಷ. ಅದರ 47.6 ಪಿಎಸ್ ಹೊಸಬನಿಗೆ ಬೇಡವೇ ಬೇಡ. ನಿಂಜಾ 300 ಮಾತ್ರ ವಿಚಿತ್ರವಾದ ಅಪವಾದ. 39 ಪಿಎಸ್ ಇದ್ದರೂ ಅದು ಸಿಗುವುದು 11,000 ಆರ್‌ಪಿಎಂನಲ್ಲಿ, ಅಲ್ಲಿಯವರೆಗೆ ಹೋಗದವನಿಗೆ ಅದು ರೇಷ್ಮೆಯಂಥ ಗಾಡಿ. ಸೀಟು ಈ ಪಟ್ಟಿಯಲ್ಲೇ ತೀರ ತಗ್ಗು, 780 ಮಿಲಿಮೀಟರ್. ಕುಳ್ಳಗಿರುವವರು ಒಮ್ಮೆ ಕೂತು ನೋಡಬೇಕು. ತೂಕ 179 ಕೆಜಿ ಎನ್ನುವುದನ್ನು ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವಾಗ ನೆನಪಿಸಿಕೊಂಡರೆ ಸಾಕು.

ಅಕ್ಕನ ಪರೀಕ್ಷೆ

ನಡುವೆ ಅಕ್ಕ ಊರಿಂದ ಬಂದಳು. ಗೆಳೆಯನೊಬ್ಬನ ಆರ್15 ಮನೆ ಮುಂದೆ ನಿಂತಿತ್ತು. "ಬಾ ಅವ್ವಾ, ಕನ್ನಡ ಸಂಘದತನಾ ಒಂದು ರೌಂಡ್ ಹಾಕ್ಕೊಂಡು ಬರೂಣು" ಅಂತ ಮಗ ಹಿಂದೆ ಹತ್ತಿಸಿದ. ಇಳಕಲ್ ಸೀರೆಯುಟ್ಟ ಅಕ್ಕ ಒಂದು ಕಡೆ ಕಾಲು ಹಾಕಿ ಕೂತಳು, ಕೈ ಹಿಡಿಕೆ ಹುಡುಕಿತು, ಸಿಗಲಿಲ್ಲ. "ಇದೇನೋ ಯಪ್ಪಾ, ಅಟ್ಟದ ಮ್ಯಾಲ ಕುಂಡ್ರಿಸಿದಂಗ ಆತಲ್ಲೋ!" ಗೇಟಿನ ಹೊರಗೆ ಸ್ಪೀಡ್ ಬ್ರೇಕರ್ ಬರುವಷ್ಟರಲ್ಲಿ ಮಗನ ಬೆನ್ನಿಗೆ ಎರಡು ಏಟು ಬಿತ್ತು, ಸವಾರಿ ಅಲ್ಲಿಗೇ ಮುಕ್ತಾಯ. ವಾಪಸ್ ಬಂದದ್ದು ನಡೆದುಕೊಂಡು.

ನಗುವ ಮಾತಲ್ಲ. ಹಿಂದೆ ಯಾರು ಕೂರುತ್ತಾರೆ ಎನ್ನುವುದನ್ನು ಬೈಕ್ ಆರಿಸುವ ಹುಡುಗರು ಕೊನೆಗೆ ಯೋಚಿಸುತ್ತಾರೆ. ಹಿಂದಿನ ಸೀಟು ಎತ್ತರವಾದಷ್ಟೂ ಹಿಂದೆ ಕೂತವರ ಭಾರ ಮೇಲೆ ಹೋಗುತ್ತದೆ, ಬ್ರೇಕ್ ಹಾಕಿದಾಗ ಅವರು ನಿಮ್ಮ ಬೆನ್ನ ಮೇಲೆ, ಆ ಭಾರ ನಿಮ್ಮ ಅಂಗೈ ಮೇಲೆ. ಅಮ್ಮ, ಹೆಂಡತಿ, ರೂಮ್‌ಮೇಟ್, ಯಾರಾದರೂ ವಾರಕ್ಕೆರಡು ಸಲ ಕೂರುವವರಿದ್ದರೆ ಅವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ. ಅಕ್ಕ ಎಸ್‌ಎಫ್ 250 ಮತ್ತು ಕರಿಜ್ಮಾ ಮೇಲೆ ಕೂತು "ನಡೀತದ" ಅಂದಳು. ಆರ್‌ಎಸ್200ಕ್ಕೆ ಮುಖ ಸ್ವಲ್ಪ ಹುಳ್ಳಗೆ ಮಾಡಿದಳು, ಆದರೆ ಹಿಡಿಯಲು ಹಿಡಿಕೆ ಇದೆ ಅಂತ ಪಾಸ್ ಮಾಡಿದಳು.

ಟೆಸ್ಟ್ ರೈಡ್‌ನಲ್ಲಿ ಮಾಡಬೇಕಾದದ್ದು

ಶೋರೂಮಿನವರು ಖಾಲಿ ಸರ್ವಿಸ್ ರಸ್ತೆಯಲ್ಲಿ ನೇರ ಹೋಗಿ ನೇರ ಬರಲು ಹೇಳುತ್ತಾರೆ. ಅದರಿಂದ ಏನೂ ತಿಳಿಯದು, ಎಲ್ಲ ಗಾಡಿಯೂ ನೇರ ರಸ್ತೆಯಲ್ಲಿ ಚಂದವೇ. ನಾವು ಎಲ್ಲ ಕಡೆ ಮೂರೇ ಕೆಲಸ ಮಾಡಿದೆವು. ಎಂಜಿನ್ ಬಂದ್ ಮಾಡಿ, ಮೇಲೆ ಕೂತೇ ಗಾಡಿಯನ್ನು ಸಣ್ಣ ಏರಿನಲ್ಲಿ ಹಿಂದಕ್ಕೆ ತಳ್ಳಿ ನೋಡುವುದು. ಪಾರ್ಕಿಂಗ್‌ನಲ್ಲಿ ಹ್ಯಾಂಡಲ್ ಪೂರಾ ತಿರುಗಿಸಿ ಎರಡೂ ದಿಕ್ಕಿಗೆ ಒಂದೊಂದು ಸುತ್ತು, ಹೆಬ್ಬೆರಳು ಸಿಕ್ಕಿಕೊಳ್ಳುತ್ತದಾ ಅಂತ. ಆಮೇಲೆ ಮೂರನೇ ಗೇರಿನಲ್ಲಿ 20-25ರ ವೇಗ, ಎಂಜಿನ್ ಬಡಿದುಕೊಳ್ಳುತ್ತದಾ ಅಂತ. ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ. ಚಪ್ಪಲಿ ಬಿಚ್ಚಿ ಸೀಟಿನ ಎತ್ತರ ಅಳೆದವರೂ ಇದ್ದಾರೆ, ಸೇಫ್ಟಿ ಶೂ ಹಾಕಿದ ಮೇಲೆ ಗೇರ್ ಪೆಡಲ್ ಕೆಳಗೆ ಕಾಲೇ ಹೋಗದೆ ಪೇಚಾಡಿದವರೂ ಇದ್ದಾರೆ.

ಒಂದು ಶೋರೂಮಿನಲ್ಲಿ ನಾವು ಕೇಳದೆಯೇ ಕೊಟೇಷನ್‌ನಲ್ಲಿ ಟೆಫ್ಲಾನ್ ಕೋಟಿಂಗ್, ಸೀಟ್ ಕವರ್, "ಲಾಜಿಸ್ಟಿಕ್ಸ್" ಅಂತ ಸೇರಿಸಿದ್ದರು. ತೆಗೆಯಿರಿ ಅಂದಾಗ "ಸಿಸ್ಟಮ್‌ನಲ್ಲೇ ಬರ್ತದೆ ಸರ್" ಅಂದ. ನಾವು ಕುರ್ಚಿಯಿಂದ ಎದ್ದೆವು. ಸಿಸ್ಟಮ್‌ನಿಂದ ತಾನಾಗಿಯೇ ಹೋಯಿತು.

ದುಡ್ಡಿನ ಲೆಕ್ಕದಲ್ಲಿ ಎರಡು ಗೆರೆಗಳು

350 ಸಿಸಿ ಒಂದು ದೊಡ್ಡ ಗೆರೆ. 2025ರ ಸೆಪ್ಟೆಂಬರ್ 22ರಿಂದ ಅದರೊಳಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು, ಅದರ ಮೇಲಿನವಕ್ಕೆ 40 ಆಯಿತು. ವಿಮೆಯಲ್ಲೂ ಇದೇ ಗೆರೆ. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ಗೊತ್ತು ಮಾಡಿದ ದರದಂತೆ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದರ ಮೇಲೆ 15,117. ತಮಾಷೆ ಏನೆಂದರೆ 155 ಸಿಸಿಯ ಆರ್15 ಬರೀ 5 ಸಿಸಿಯಿಂದ 150ರ ಗೆರೆ ದಾಟಿ 310 ಸಿಸಿ ಗಾಡಿಯಷ್ಟೇ ಪ್ರೀಮಿಯಂ ಕಟ್ಟುತ್ತದೆ. ಸ್ವಂತ ಗಾಡಿಯ ಹಾನಿಗೆ ಬೇರೆ ವಿಮೆ ಬೇಕು. ಫೇರಿಂಗ್ ಇರುವ ಗಾಡಿಗೆ ಮೊದಲ ಎರಡು ವರ್ಷ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ರಿಸಿಯೇಷನ್ ವಿಮೆ ಮಾಡಿಸಿ, ಪ್ಲಾಸ್ಟಿಕ್ ಭಾಗಕ್ಕೆ ಸಾದಾ ಪಾಲಿಸಿ ಅರ್ಧ ದುಡ್ಡು ಮುರಿದುಕೊಂಡೇ ಕೊಡುವುದು.

ಎರಡನೇ ಗೆರೆ ರಾಜ್ಯದ ಗಡಿ. ಪುಣೆಯಲ್ಲಿ ಕೊಂಡ ಎಂಎಚ್12 ಅಥವಾ ಎಂಎಚ್14 ಗಾಡಿಯನ್ನು ಊರಿಗೆ ಒಯ್ದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಇಲ್ಲಿಂದ ಎನ್‌ಒಸಿ ತರಬೇಕು, ಅಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು. ಲಕ್ಷಕ್ಕೂ ಮೇಲಿನ ಬೆಲೆಯ ಹೊಸ ಬೈಕಿಗೆ ಕರ್ನಾಟಕದಲ್ಲಿ ತೆರಿಗೆ 18 ಪ್ರತಿಶತ, ಗಾಡಿ ಹಳತಾದ ಹಾಗೆ ಕಡಿಮೆ. ಎರಡೇ ವರ್ಷದಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ವರ್ಗವಾಗುವ ಸಾಧ್ಯತೆ ಇದ್ದವರು ಇದನ್ನು ಬೆಲೆಯಲ್ಲೇ ಸೇರಿಸಿ ನೋಡಿ.

ಹೆಲ್ಮೆಟ್, ಗ್ಲೌಸ್, ಜಾಕೆಟ್, ಗಿಣ್ಣು ಮುಚ್ಚುವ ಶೂಗಳಿಗೆ ಇಪ್ಪತ್ತು ಸಾವಿರ ತೆಗೆದಿಟ್ಟೇ ಗಾಡಿಯ ಬಜೆಟ್ ಹಾಕಿ. ಹೆಲ್ಮೆಟ್ ಮೇಲೆ ಐಎಸ್ 4151 ಗುರುತಿರಬೇಕು. ಬಿದ್ದಾಗ ಮೊದಲು ನೆಲಕ್ಕೆ ಹೋಗುವುದು ಅಂಗೈ, ಗ್ಲೌಸ್ ಇಲ್ಲದೆ ಬಿದ್ದವನಿಗೆ ಎರಡು ವಾರ ಊಟ ಯಾರಾದರೂ ಕಲಸಿ ಕೊಡಬೇಕು.

ಸೆಕೆಂಡ್ ಹ್ಯಾಂಡ್?

ಹೇಗೂ ಒಮ್ಮೆ ಬೀಳುವುದು ಇದ್ದದ್ದೇ, ಬೇರೆಯವರು ಆಗಲೇ ಕೆಡವಿದ ಗಾಡಿಯನ್ನೇ ಕೊಳ್ಳಬಾರದೇಕೆ ಎನ್ನುವ ವಾದ ಬುದ್ಧಿವಂತಿಕೆಯದ್ದೇ. ನಾನೂ ಹಾಗೇ ಮಾಡಿದ್ದೆ, ಮೋಸವೂ ಹೋಗಿದ್ದೆ. ಹೊಳೆಯುವ ಫೇರಿಂಗ್ ನೋಡಿ ಮರುಳಾಗಿ ಕೊಂಡೆ. ಕೈ ಬಿಟ್ಟರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಮಿಸ್ತ್ರಿ ಬಂದವನೇ ಫೇರಿಂಗ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊಣಕಾಲೂರಿ ಕೂತು ಹ್ಯಾಂಡಲ್ ಬುಡದಲ್ಲಿ, ಅದು ಪೂರಾ ತಿರುಗಿದಾಗ ಚೌಕಟ್ಟಿಗೆ ತಾಕಿ ನಿಲ್ಲುವ ಪುಟ್ಟ ಗುಬ್ಬಿಯ ಮೇಲೆ ಬೆರಳಾಡಿಸಿದ. ಅದು ಚಪ್ಪಟೆಯಾಗಿ ಬಣ್ಣ ಎದ್ದಿತ್ತು. "ಜೋರಾಗಿ ಹೊಡೆದಿದೆ ಸಾಹೇಬ್" ಅಂದ. ಆವತ್ತಿನಿಂದ ಹಳೇ ಗಾಡಿ ನೋಡುವಾಗ ನಾನು ಮೊದಲು ಕೂರುವುದೇ ಅಲ್ಲಿ. ಆಮೇಲೆ ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿಡ್ಡು, ಸ್ಪ್ರಾಕೆಟ್‌ನ ಹಲ್ಲು ಚೂಪಾಗಿದೆಯೇ, ಆರ್‌ಸಿ ಮೇಲೆ ಸಾಲದ ಹೆಸರು ಉಳಿದಿದೆಯೇ, ಬಾಕಿ ಇ-ಚಲನ್ ಎಷ್ಟು. ಆರ್‌ಎಸ್200 ಹಳೆಯದನ್ನು ನೋಡುವವರು ಒಂದು ಗಮನಿಸಿ, ಆರಂಭದ ವರ್ಷಗಳ ಗಾಡಿಗಳಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದ ಹಾಗೆ ತಡೆಯುವ ವ್ಯವಸ್ಥೆ) ಇದ್ದರೂ ಮುಂದಿನ ಚಕ್ರಕ್ಕೆ ಮಾತ್ರ. ಪುಣೆಯ ಜೂನ್-ಜುಲೈಗೆ ಎರಡೂ ಚಕ್ರಕ್ಕೆ ಇರುವುದೇ ಬೇಕು.

ಕೊನೆಗೆ ಬಂದದ್ದು

ನನ್ನ ಮನಸ್ಸು ಎಸ್‌ಎಫ್ 250 ಮೇಲಿತ್ತು. ನಿತ್ಯದ ಟ್ರಾಫಿಕ್, ಕಾಲು ಊರುವುದು, ಹಿಂದೆ ಕೂರುವವರು, ಯಾವ ಲೆಕ್ಕದಲ್ಲೂ ಹೊಸಬನಿಗೆ ಅದಕ್ಕೇ ಹೆಚ್ಚು ಅಂಕ. ಓಡಿಸುವುದನ್ನೇ ಕಲಿಯಬೇಕು, ಒಬ್ಬನೇ ಕೂರುವವನು, ಮೈ ಹಗುರ ಅನ್ನುವವರಿಗೆ ಆರ್15. ತಿಂಗಳಿಗೆರಡು ಸಲ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಯವರೆಗೆ 340 ಕಿಲೋಮೀಟರ್ ಹೋಗುವವರಿಗೆ ಕರಿಜ್ಮಾ.

ನಮ್ಮವನು ಕೊಂಡದ್ದು ಆರ್‌ಎಸ್200. ನಿಗಡಿಯಲ್ಲಿ ಅವನ ರೂಮಿನ ಎದುರಿಗೇ ಸರ್ವಿಸ್ ಸೆಂಟರ್ ಇದೆ, ಊರಲ್ಲಿ ಅಪ್ಪನ ಪರಿಚಯದ ಮಿಸ್ತ್ರಿ ಇದ್ದಾನೆ, ಮತ್ತೆ ಆ ಮೀನಿನ ಕಣ್ಣು ಅವನಿಗೆ ಸಿಂಹದ ಕಣ್ಣಾಗಿ ಕಾಣುತ್ತದೆ. ಬೇಡ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ಮಳೆಗಾಲ ಮುಗಿಯುವವರೆಗೆ ತಾಮ್ಹಿಣಿ ಘಾಟ್ ಹೆಸರೆತ್ತಬಾರದು, ಬಿದ್ದಾಗ ಫೇರಿಂಗ್ ಉಳಿಸುವ ಫ್ರೇಮ್ ಸ್ಲೈಡರ್ ಎರಡು ಬದಿಗೂ ಹಾಕಿಸಬೇಕು, 500 ಕಿಲೋಮೀಟರ್‌ಗೊಮ್ಮೆ ಚೈನ್ ಒರೆಸಿ ಲ್ಯೂಬ್ ಹೊಡೆಯಬೇಕು ಅಂತ ಮಾತ್ರ ಮಾತು ತಗೊಂಡೆ.

ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ನಿಗಡಿ ಪ್ರಾಧಿಕರಣದ ಒಂದು ಖಾಲಿ ಮೈದಾನಕ್ಕೆ ಹೋಗುತ್ತೇವೆ. ನಾಲ್ಕು ಚಪ್ಪಲಿಗಳನ್ನು ಹತ್ತತ್ತು ಹೆಜ್ಜೆಗೆ ಒಂದರಂತೆ ಇಟ್ಟು, ಅವುಗಳ ನಡುವೆ ಹಾವಿನ ಹಾಗೆ ಕಾಲು ಊರದೆ ಗಾಡಿ ತರಬೇಕು. ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಸ್ವಲ್ಪ ಕಾಲು, ಕಣ್ಣು ಮುಂದಿನ ಚಪ್ಪಲಿಯ ಆಚೆಗೆ. ಮೊನ್ನೆ ಮೂರು ದಾಟಿದ. ನಾಲ್ಕನೆಯದು ನನ್ನ ಹೊಸ ಕೊಲ್ಹಾಪುರಿ, ಅದರ ಮೇಲೆ ಟೈರಿನ ಗುರುತು ಇನ್ನೂ ಇದೆ.